ದೈತ್ಯ ತಳಿಯ ನಾಯಿ: ಮೊದಲು ತೂಕದ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್ ಸಾಕಲು ಹೊರಟವರೆಲ್ಲ ಮೊದಲು ಕೇಳುವುದು ‘ಜಾಗ ಸಾಲುತ್ತದೆಯೇ’ ಎಂದು. ಬೆಳೆದ ಗ್ರೇಟ್ ಡೇನ್ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ, ಜಾಗ ಹೇಗೋ ಹೊಂದುತ್ತದೆ. 60–70 ಕೆ.ಜಿ. ತೂಗುವ ನಾಯಿ ರಾತ್ರಿ ಹನ್ನೊಂದಕ್ಕೆ ಮೇಲೇಳಲಾರದೆ ಬಿದ್ದರೆ ಮೂರನೇ ಮಹಡಿಯಿಂದ ಅದನ್ನು ಇಳಿಸುವವರು ಯಾರು, ಒಯ್ಯುವುದು ಎಲ್ಲಿಗೆ ಎಂಬುದನ್ನು ಮಾತ್ರ ಯಾರೂ ಯೋಚಿಸುವುದಿಲ್ಲ.

ಎದೆ ಆಳವಾಗಿರುವ ತಳಿಗಳಿಗೆ, ಅದರಲ್ಲೂ ಗ್ರೇಟ್ ಡೇನ್‌ಗೆ, ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರವೇ ತಿರುಚಿಕೊಳ್ಳುವ ಅಪಾಯ ಹೆಚ್ಚು. ಪಶುವೈದ್ಯರು ಇದನ್ನು ‘ಬ್ಲೋಟ್’ ಎನ್ನುತ್ತಾರೆ. ತಿರುಚಿದ ಮೇಲೆ ಗಾಳಿ ಮೇಲಕ್ಕೂ ಬರದು, ಕೆಳಕ್ಕೂ ಹೋಗದು. ಉಬ್ಬಿದ ಜಠರ ದೊಡ್ಡ ರಕ್ತನಾಳಗಳನ್ನು ಅದುಮಿ, ಹೃದಯಕ್ಕೆ ರಕ್ತ ಮರಳದಂತೆ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ನಾಯಿ ಮತ್ತೆ ಮತ್ತೆ ಓಕರಿಸಿದರೂ ನೊರೆ ಬಿಟ್ಟು ಏನೂ ಬಾರದಿದ್ದರೆ, ಜೊಲ್ಲು ಸುರಿಸುತ್ತಾ ಕೂತಲ್ಲಿ ಕೂರದಿದ್ದರೆ ತಕ್ಷಣ ಹೊರಡಬೇಕು. ಹೊಟ್ಟೆ ತಮಟೆಯಂತೆ ಬಿಗಿಯುವವರೆಗೆ ಕಾಯಬಾರದು. ಆಳವಾದ ಎದೆಯಲ್ಲಿ ಉಬ್ಬು ಪಕ್ಕೆಲುಬಿನ ಅಡಿಯಲ್ಲೇ ಮರೆಯಾಗಿರುತ್ತದೆ. ಓಮದ ನೀರು, ಸೋಡಾ ಕುಡಿಸುತ್ತಾ ಬೆಳಗು ಮಾಡುವುದಂತೂ ಕೂಡದು. ತಿರುಚಿದ ಜಠರಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ದಪ್ಪ ಕಂಬಳಿ ಅಥವಾ ಗಟ್ಟಿ ಬೆಡ್‌ಶೀಟಿನ ಮೇಲೆ ನಾಯಿಯನ್ನು ಮಲಗಿಸಿ, ನಾಲ್ಕು ಮೂಲೆ ಹಿಡಿದು ಎತ್ತಬೇಕು. ಇಬ್ಬರಿಂದ ಕಷ್ಟ, ನಾಲ್ವರಿದ್ದರೆ ಸುಲಭ. ಅಷ್ಟು ಜನರ ಫೋನ್ ನಂಬರು, ನಾಯಿ ಹಿಡಿಸುವಂಥ ವಾಹನ, ರಾತ್ರಿ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಇವಿಷ್ಟನ್ನು ಮರಿ ತರುವ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಅಪಾಯ ತಗ್ಗಿಸಲು ದಿನದ ಊಟವನ್ನು ಎರಡು ಮೂರು ಸಲಕ್ಕೆ ಹಂಚಿ ಹಾಕಿ. ಊಟದ ಹಿಂದೆ ಮುಂದೆ ಒಂದೊಂದು ಗಂಟೆ ಓಡಾಟ, ಕುಣಿದಾಟ ಬೇಡ. ಬಟ್ಟಲನ್ನು ಎತ್ತರದ ಸ್ಟ್ಯಾಂಡಿನ ಮೇಲಿಡುವುದೇ ಒಳ್ಳೆಯದೆಂದು ಬಹಳ ಮಂದಿ ನಂಬಿದ್ದಾರೆ. ಅದರಿಂದ ಅಪಾಯ ಹೆಚ್ಚಬಹುದೆಂದು ಹೇಳುವ ಅಧ್ಯಯನವೂ ಇರುವುದರಿಂದ ನೆಲದ ಮೇಲಿಡುವುದೇ ವಾಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಾಗಲೇ ಜಠರವನ್ನು ಹೊಟ್ಟೆಯ ಒಳಗೋಡೆಗೆ ಹೊಲಿಸಬಹುದು. ಆಮೇಲೂ ಗಾಳಿ ತುಂಬಬಹುದು, ಆದರೆ ತಿರುಚುವ ಸಾಧ್ಯತೆ ತೀರಾ ಕಡಿಮೆ. ಈ ತಳಿಗಳ ಮೂಳೆ ಬೆಳೆದು ಮುಗಿಯಲು ಒಂದೂವರೆಯಿಂದ ಎರಡು ವರ್ಷ ಬೇಕು, ಹಾಗಾಗಿ ಸಂತಾನಹರಣಕ್ಕೆ ಆತುರಪಡದೆ ಪಶುವೈದ್ಯರನ್ನು ಕೇಳಿ.

ಮರಿಯ ಆಹಾರದಲ್ಲಿ ನಮ್ಮವರು ಎಡವುವುದು ಕ್ಯಾಲ್ಸಿಯಂ ವಿಷಯದಲ್ಲಿ. ‘ದೊಡ್ಡ ಜಾತಿ, ಮೂಳೆ ಗಟ್ಟಿಯಾಗಲಿ’ ಎಂದು ಕಂಪನಿ ಆಹಾರದ ಜೊತೆಗೆ ಕ್ಯಾಲ್ಸಿಯಂ ಸಿರಪ್ಪನ್ನೂ ಸುರಿಯುತ್ತಾರೆ. ಎಳೆ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆನ್ನಲಾರದು, ಕೊಟ್ಟದ್ದರಲ್ಲಿ ಬಹುಪಾಲು ಹೀರಿಕೊಳ್ಳುತ್ತದೆ. ಫಲವಾಗಿ ಮೂಳೆ, ಕೀಲು ವಕ್ರವಾಗುತ್ತವೆ. ಬರೀ ಅನ್ನ–ಚಿಕನ್ ಹಾಕುವ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧ: ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗುತ್ತದೆ. ದೊಡ್ಡ ತಳಿಯ ಮರಿಗೆಂದೇ ತಯಾರಿಸಿದ ಆಹಾರ ಹಾಕಿ, ಮೇಲೆ ಸಿರಪ್ಪು ಬೇಡ. ಮರಿ ದುಂಡಗೆ ಕಂಡರೆ ಹಿಗ್ಗಬೇಡಿ. ಮುಟ್ಟಿದರೆ ಪಕ್ಕೆಲುಬು ಕೈಗೆ ಸಿಗುವಂತಿರಬೇಕು.

ನುಣುಪಾದ ಟೈಲ್ಸ್, ಗ್ರಾನೈಟ್ ಮೇಲೆ ಕಾಲು ಜಾರಿ ಕೀಲು ಹಾಳಾಗುತ್ತದೆ. ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ, ಉಗುರು ಕತ್ತರಿಸುತ್ತಿರಿ. ಮಲಗಲು ನಾಲ್ಕಿಂಚಿನ ಫೋಮ್ ಇಲ್ಲದಿದ್ದರೆ ಮೊಣಕೈಯಲ್ಲಿ ಗಡ್ಡೆ ಕಟ್ಟುತ್ತದೆ. ಮೈಮೇಲೆ ಹಾರದಂತೆ, ಬೆಲ್ಟ್ ಎಳೆಯದಂತೆ ಮೂರನೇ ತಿಂಗಳಲ್ಲೇ ಕಲಿಸಿ. ಆರು ತಿಂಗಳಿಗೆ ಗಂಡು ಡೇನ್ 40 ಕೆ.ಜಿ. ಮುಟ್ಟಿರುತ್ತದೆ, ದೀಪಾವಳಿಯ ಪಟಾಕಿಗೆ ಬೆಚ್ಚಿ ಓಡಿದರೆ ಮಕ್ಕಳ ಕೈಯಲ್ಲಿ ನಿಲ್ಲದು.

ನಮ್ಮೂರಿನ ಹವೆ ತಂಪು ಎಂಬ ಮಾತು ಏಪ್ರಿಲ್‌ಗೆ ಸಲ್ಲದು. ಎರಡು ಪದರ ಕೂದಲಿನ ಸೇಂಟ್ ಬರ್ನಾರ್ಡ್ ಆಲ್ಪ್ಸ್ ಹಿಮದ ತಳಿ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ವಾಕಿಂಗ್ ಮುಗಿಸಬೇಕು, ಮಧ್ಯಾಹ್ನ ಕರೆಂಟು ಹೋದರೂ ಗಾಳಿಯಾಡುವ ಕೋಣೆ ಬೇಕು. ಉಣ್ಣಿಜ್ವರ ಇಲ್ಲಿ ವರ್ಷವಿಡೀ ಕಾಡುತ್ತದೆ. ಮದ್ದೆಲ್ಲ ತೂಕದ ಲೆಕ್ಕ: ಹತ್ತು ಕೆ.ಜಿ.ಗೆ ಒಂದರಂತೆ ಕೊಡುವ ಜಂತುಹುಳದ ಮಾತ್ರೆ 60 ಕೆ.ಜಿ. ನಾಯಿಗೆ ಆರು ಬೇಕು. ಇಷ್ಟಾದರೂ ಆಯುಸ್ಸು ಸಾಮಾನ್ಯವಾಗಿ 8–10 ವರ್ಷ. ಇದನ್ನು ಮನೆಯ ಮಕ್ಕಳಿಗೆ ಮೊದಲೇ ತಿಳಿಸುವುದು ಒಳ್ಳೆಯದು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ನಿಷೇಧಕ್ಕೆ ಹೊರಡಿಸಿದ್ದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದುಪಡಿಸಿತು. ನಿಷೇಧಕ್ಕಿಂತ ಮಾಹಿತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂಬ 2017ರ ನಿಯಮ ಕಟ್ಟುನಿಟ್ಟಾಗಿ ಜಾರಿಯಾಗಲಿ. ಮರಿಯ ತಂದೆ ತಾಯಿಗೆ ಬ್ಲೋಟ್, ಹೃದಯದ ಕಾಯಿಲೆ ಇತ್ತೇ ಎಂಬುದನ್ನು ಮಾರುವವರು ಬರೆದುಕೊಡಲಿ. ನಾಯಿಗೆ ಪರವಾನಗಿ ನೀಡುವಾಗ ನಗರಾಡಳಿತವು ರಾತ್ರಿ ಶಸ್ತ್ರಚಿಕಿತ್ಸೆ ಲಭ್ಯವಿರುವ ಆಸ್ಪತ್ರೆಗಳ ಪಟ್ಟಿಯನ್ನು ಬಡಾವಣೆವಾರು ಮುದ್ರಿಸಿ ಜೊತೆಗೇ ಕೊಡಲಿ ಎಂದು ವಿನಂತಿ.

ಇತಿ,
ಓದುಗ, ಜಯನಗರ, ಬೆಂಗಳೂರು