ಹಿಮ್ಮಡಿಯ ಜಡ್ಡಿಗೆ ಬ್ಲೇಡ್ ಬೇಡ

ಮಾನ್ಯ ಸಂಪಾದಕರೇ,

ಅಡಿಕೆಯ ಕೊನೆಕೊಯ್ಲು ಶುರುವಾಗಿ ಬೆಳಗಿನ ಚಳಿಗೆ ಚರ್ಮ ಬಿಗಿಯತೊಡಗಿತೆಂದರೆ ಮಲೆನಾಡಿನ ಮನೆಗಳಲ್ಲಿ ಹಿಮ್ಮಡಿ ಕೆರೆಯುವ ಕೆಲಸವೂ ಶುರು. ಕ್ಷೌರದ ಬ್ಲೇಡು, ಅಡಿಕೆ ಸುಲಿಯುವ ಕತ್ತಿಯ ಮೊನೆ, ಬಚ್ಚಲಿನ ಜಂಬಿಟ್ಟಿಗೆ ಕಲ್ಲು, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಉಜ್ಜುತ್ತಾರೆ, ಹೆರೆಯುತ್ತಾರೆ. ಇದರಿಂದಾಗುವ ಗಾಯಗಳು ಅನಾವಶ್ಯಕ ಎಂಬುದಕ್ಕೇ ಈ ಪತ್ರ.

ಜಡ್ಡು ಕಾಯಿಲೆಯಲ್ಲ. ಒತ್ತಡ, ತಿಕ್ಕಾಟ ಬಿದ್ದ ಕಡೆ ಚರ್ಮ ತಾನೇ ದಪ್ಪಗಾಗುತ್ತದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಅದು ಒಂದಿಷ್ಟು ಇರಲೇಬೇಕು. ತೊಂದರೆ ಬರುವುದು ಅದು ಒಣಗಿದಾಗ. ನಿಂತಾಗ ಮೈಭಾರಕ್ಕೆ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆ ಅಗಲಕ್ಕೆ ಹರಡುತ್ತದೆ. ಮೇಲಿನ ಚರ್ಮ ಮೆದುವಾಗಿದ್ದರೆ ಜೊತೆಗೇ ಹಿಗ್ಗುತ್ತದೆ, ಒಣಗಿದ್ದರೆ ಅಂಚಿನಲ್ಲಿ ಸೀಳುತ್ತದೆ. ಹವಾಯಿ ಚಪ್ಪಲಿಯಲ್ಲಿ ಹಿಮ್ಮಡಿಗೆ ಹಿಂದಿನಿಂದ ಆಸರೆಯೇ ಇಲ್ಲ, ಅದಕ್ಕೇ ಅದನ್ನು ಹಾಕುವವರಲ್ಲಿ ಬಿರುಕು ಜಾಸ್ತಿ. ಹಾಗಾಗಿ ಜಡ್ಡನ್ನು ತೆಳುವಾಗಿಸಿ ಮೆದುವಾಗಿಟ್ಟರೆ ಸಾಕು. ಪೂರ್ತಿ ಹೆರೆದು ತೆಗೆದರೆ ಕಾಲೂರಲು ನೋವು. ಒತ್ತಡ ಅಲ್ಲೇ ಬೀಳುತ್ತಿರುವುದರಿಂದ ಕೆಲವೇ ವಾರಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ.

ಮಾಡುವ ಕ್ರಮ ಹೀಗೆ. ಹಂಡೆಯ ನೀರನ್ನು ಹಾಗೇ ಹೊಯ್ದುಕೊಳ್ಳದೆ, ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿ. ಅಲ್ಲಿಗೆ ಹಿತವಾಗಿದ್ದರೆ ಸರಿ. ಕಾಲನ್ನು 10 ನಿಮಿಷ ಇಡಿ, ಜಡ್ಡು ತೀರಾ ದಪ್ಪಗಿದ್ದರೆ 15. ನಿಂಬೆರಸ, ಸೋಡಾಪುಡಿ ಹಾಕಬೇಡಿ. ಅವು ಬಿರುಕಿನಲ್ಲಿ ಉರಿಯುತ್ತವೆ, ಆಮೇಲೆ ಚರ್ಮವನ್ನು ಇನ್ನಷ್ಟು ಒಣಗಿಸುತ್ತವೆ. ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಒದ್ದೆ ಮಾಡಿದ ಪ್ಯೂಮಿಸ್ ಕಲ್ಲಿನಿಂದ (ಕಾಲುಜ್ಜಲೆಂದೇ ಸಿಗುವ, ತೂತುತೂತಾದ ಕಲ್ಲು) ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಬೂದುಬಿಳಿ ಲೋಳೆ ಕಲ್ಲಿಗೆ ಮೆತ್ತಿಕೊಳ್ಳುತ್ತಾ ಬರುತ್ತದೆ, ಆಗಾಗ ತೊಳೆದುಕೊಳ್ಳಿ. ಒಂದು ಹಿಮ್ಮಡಿಗೆ 2-3 ನಿಮಿಷ ಸಾಕು. ಹೆಬ್ಬೆರಳಿನಲ್ಲಿ ಒತ್ತಿದರೆ ಚರ್ಮ ಬಗ್ಗುವಂತಾದಾಗ ನಿಲ್ಲಿಸಿ. ಕೆಂಪಗಾಗಿ ಚುರುಗುಟ್ಟಿದರೆ ಅತಿಯಾಗಿದೆ ಎಂದರ್ಥ. ವಾರಕ್ಕೆ ಎರಡು ಸಲ ಮಾಡಿದರೆ ಸಾಕು. ಬಾಯಿ ಬಿಟ್ಟ ಬಿರುಕಿನ ಮೇಲೆ ಉಜ್ಜಲೇಬಾರದು. ಕಲ್ಲು ಒಬ್ಬರಿಗೊಂದು ಇರಲಿ, ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ. ಪಸೆ ಆರದ ಬಚ್ಚಲ ಮೂಲೆ ಅದಕ್ಕೆ ಜಾಗವಲ್ಲ.

ಇಷ್ಟಾದ ಮೇಲೆ ಜಿಡ್ಡು ಹಚ್ಚದೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಚರ್ಮದಲ್ಲಿ ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿ. ನಮ್ಮ ಮುರುಗಲ ತುಪ್ಪ (ಮುರುಗಲ ಬೀಜದಿಂದ ತೆಗೆದ ಗಟ್ಟಿ ಜಿಡ್ಡು) ಇದಕ್ಕೆ ನಿಜಕ್ಕೂ ಒಳ್ಳೆಯದು. ಗಟ್ಟಿ ಉಂಡೆಯನ್ನು ಅಂಗೈಯಲ್ಲಿ ತಿಕ್ಕಿದರೆ ಮೈಬಿಸಿಗೇ ಮೆತ್ತಗಾಗುತ್ತದೆ. ಅದನ್ನು ಸೌಟಿನಲ್ಲಿ ಕಾಯಿಸಿ ಬಿರುಕಿಗೆ ಸುರಿಯುವುದು ಮಾತ್ರ ಅಪಾಯ, ಸೀಳಿನ ಒಳಗಿನ ಹಸಿ ಚರ್ಮ ಸುಡುತ್ತದೆ. ಔಷಧಿ ಅಂಗಡಿಯ ಯೂರಿಯಾ ಕ್ರೀಮೂ ಆಗುತ್ತದೆ. ದಿನಬಳಕೆಗೆ ಶೇ 10ರದ್ದು, ದಪ್ಪ ಹಿಮ್ಮಡಿಗೆ ಶೇ 20-25ರದ್ದು. ರಾತ್ರಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬೆರಳ ಸಂದಿಗೆ ಮಾತ್ರ ಯಾವ ಜಿಡ್ಡೂ ಬೇಡ.

ನಾಟಿಯ ದಿನಗಳಲ್ಲಿ ಈ ಕ್ರಮ ನಡೆಯದು. ಇಡೀ ದಿನ ಕೆಸರಲ್ಲಿದ್ದು ಬಿಳಿಚಿ ನೆನೆದ ಕಾಲನ್ನು ಮತ್ತೆ ನೀರಲ್ಲಿಟ್ಟು ಉಜ್ಜಿದರೆ ಒಳ್ಳೆಯ ಚರ್ಮವೇ ಕಿತ್ತು ಬರುತ್ತದೆ. ಆಗ ತೊಳೆದು, ಬೆರಳ ಸಂದಿಗಳನ್ನು ಒರೆಸಿ ಆರಿಸುವುದೇ ಆರೈಕೆ.

ಗಟ್ಟಿಯಾಗಿರುವುದೆಲ್ಲ ಜಡ್ಡೂ ಅಲ್ಲ. ಆಣಿಯನ್ನು ನೇರ ಒತ್ತಿದರೆ ನೋವು. ನರಹುಲಿಯಾದರೆ ಎರಡು ಪಕ್ಕದಿಂದ ಹಿಂಡಿದಾಗ ನೋವು ಹೆಚ್ಚು, ಪಾದದ ಗೆರೆಗಳು ಅದರ ಅಂಚಿನಲ್ಲೇ ತುಂಡಾಗುತ್ತವೆ, ಒಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳಿರುತ್ತವೆ. ಅದು ವೈರಸ್‌ನಿಂದ ಬರುವುದು, ಉಜ್ಜಿದರೆ ಪಕ್ಕಕ್ಕೂ ಹರಡಬಹುದು. ಒಂದೇ ಅಂಗಾಲು ಹಿಟ್ಟು ಉದುರಿದಂತೆ ಒಣಗಿ, ಗೆರೆಗಳಲ್ಲಿ ಬಿಳಿ ಹೊಟ್ಟು ನಿಂತಿದ್ದರೆ ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಕಲ್ಲಲ್ಲ, ಔಷಧಿ ಬೇಕು.

ಸಕ್ಕರೆ ಕಾಯಿಲೆ ಇರುವವರ ವಿಷಯವೇ ಬೇರೆ. ಅವರ ಕಾಲಿನ ಸ್ಪರ್ಶ ಹೋಗಿರಬಹುದು, ಹೋಗಿರುವುದು ಅವರಿಗೇ ತಿಳಿದಿರುವುದಿಲ್ಲ. ಮನೆಯಲ್ಲೇ ನೋಡುವ ದಾರಿಯೊಂದಿದೆ. ಅವರು ಕಣ್ಣು ಮುಚ್ಚಿ ಮಲಗಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಆರರಲ್ಲಿ ಎರಡು ಕಡೆ ಗೊತ್ತಾಗದಿದ್ದರೂ ವೈದ್ಯರಿಗೆ ಪಾದ ತೋರಿಸಬೇಕು. ಸಕ್ಕರೆ ಕಾಯಿಲೆ ಇರುವವರು ಕಾಲು ನೆನೆಸುವುದು, ಜಡ್ಡು ತೆಗೆಯುವುದು ಯಾವುದನ್ನೂ ತಾವಾಗಿ ಮಾಡಿಕೊಳ್ಳಬಾರದು. ಜಡ್ಡಿನಡಿಯಲ್ಲಿ ಕಪ್ಪು ಅಥವಾ ಕಡುಗೆಂಪು ಕಲೆ ಕಂಡರೆ ಒಳಗೆ ರಕ್ತ ಜಿನುಗಿ ಹುಣ್ಣಾಗುತ್ತಿರಬಹುದು. ಅಂದೇ ತೋರಿಸಿ.

ಅಂಥವರಿಗೆ ಕಾರ್ನ್ ಪ್ಲಾಸ್ಟರ್, ಅಂದರೆ ಆಣಿಗೆ ಅಂಟಿಸುವ ಔಷಧಿ ಪಟ್ಟಿ, ಬ್ಲೇಡಿನಷ್ಟೇ ಕೆಟ್ಟದ್ದು. ಅದರಲ್ಲಿ ಸಾಮಾನ್ಯವಾಗಿ ಶೇ 40ರಷ್ಟು ಸ್ಯಾಲಿಸಿಲಿಕ್ ಆಮ್ಲ ಇರುತ್ತದೆ, ಅದು ಜಡ್ಡಿನ ಜೊತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಸ್ಪರ್ಶವಿಲ್ಲದ ಕಾಲಿಗೆ ಉರಿ ಗೊತ್ತಾಗುವುದಿಲ್ಲ. ಚೀಟಿಯಿಲ್ಲದೆ ಸಿಗುವ ಈ ಪಟ್ಟಿಯನ್ನು ಕೊಡುವ ಮೊದಲು ‘ಸಕ್ಕರೆ ಕಾಯಿಲೆ ಇದೆಯಾ’ ಎಂದು ಕೇಳುವಂತೆ ಜಿಲ್ಲೆಯ ಔಷಧಿ ಅಂಗಡಿಯವರಲ್ಲಿ ನಮ್ಮ ಕಳಕಳಿಯ ವಿನಂತಿ.

ಈಗಾಗಲೇ ಬ್ಲೇಡ್ ತಾಗಿದ್ದರೆ ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಣ್ಣು, ಗೊಬ್ಬರ ತಾಗಿದ ಗಾಯವಾಗಿದ್ದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೀವು, ಬಾವು ಇದ್ದರೆ, ಕೆಂಪು ಮೇಲಕ್ಕೆ ಹರಡುತ್ತಿದ್ದರೆ ಮರುದಿನಕ್ಕೆಂದು ಕಾಯಬೇಡಿ.

ಇಂತಿ,
ಪಾದ ಆರೈಕೆಯ ಕೆಲಸದಲ್ಲಿರುವ ಓದುಗರು,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ