ತೆಗೆದವರು ‘ತೆಗೆದೆವು’ ಎಂದೇ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಕೆಲಸ ಕಳೆದುಕೊಂಡವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಪತ್ರಗಳನ್ನು ಓದುತ್ತಿದ್ದೇನೆ. ಬರೆಯುವವರಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳೇ ಜಾಸ್ತಿ. ನಾನು ಎಂಜಿನಿಯರ್ ಅಲ್ಲ. ಬೆಂಗಳೂರಿನಲ್ಲಿ 23 ವರ್ಷ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೆಲಸ ಮಾಡಿದವಳು. 2024ರ ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ಆದರೆ ಕಂಪನಿಯ ಕಡತದಲ್ಲಿ ಹಾಗಿಲ್ಲ. ಅಲ್ಲಿ ನಾನೇ ರಾಜೀನಾಮೆ ಕೊಟ್ಟು ಹೋಗಿದ್ದೇನೆ. ಈ ಪತ್ರ ಆ ಒಂದು ಹಾಳೆಯ ಬಗ್ಗೆ.

ನಮ್ಮೂರು ಹಾಸನದ ಹತ್ತಿರ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎಸ್ಸಿ. 2001ರಲ್ಲಿ ಅಪ್ಪ ಆ ವರ್ಷದ ಆಲೂಗಡ್ಡೆ ಮಾರಿದ ದುಡ್ಡಿನಲ್ಲಿ ಆರು ತಿಂಗಳ ಟ್ರೈನಿಂಗ್‌ಗೆ ಫೀಸು ಕಟ್ಟಿದರು. ಆಗ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಈ ಕೋರ್ಸಿನ ಬೋರ್ಡು ಇರುತ್ತಿತ್ತು. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿದ ಮೇಲೆ, ಏನು ಕಂಡಿತು, ಏನು ಔಷಧಿ ಕೊಟ್ಟೆ ಅಂತ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಿದ್ದರು. ಅಲ್ಲಿ ಕತ್ತಲಾಗುವ ಹೊತ್ತಿಗೆ ಇಲ್ಲಿ ಬೆಳಗಾಗುತ್ತದೆ. ಅವರು ಮಾರನೇ ದಿನ ಆಸ್ಪತ್ರೆಗೆ ಬರುವಷ್ಟರಲ್ಲಿ ನಾವು ಟೈಪ್ ಮಾಡಿ ಕಳಿಸಿರಬೇಕು. ಸಂಬಳ ಸಾಲಿನ ಲೆಕ್ಕದಲ್ಲಿ. 65 ಅಕ್ಷರಕ್ಕೆ ಒಂದು ಸಾಲು.

ಮೇಜಿನ ಕೆಳಗೆ ಒಂದು ಪೆಡಲ್ ಇರುತ್ತಿತ್ತು. ನಡುವೆ ಒತ್ತಿದರೆ ಧ್ವನಿ ಓಡುತ್ತದೆ, ಎಡಕ್ಕೆ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಒತ್ತುತ್ತಿದ್ದೆ. ಬರಿಗಾಲಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಏನಾದರೂ ತಿನ್ನುತ್ತಾ ಮಾತಾಡುವ ಡಾಕ್ಟರು, ಕಾರಿನಲ್ಲಿ ಕೂತು ಮಾತಾಡುವ ಡಾಕ್ಟರು, ಎಲ್ಲರೂ ಕಿವಿಗೆ ಅಭ್ಯಾಸವಾದರು. ಸೆಲೆಬ್ರೆಕ್ಸ್ ಮತ್ತು ಸೆಲೆಕ್ಸಾ ಅಂತ ಎರಡು ಮಾತ್ರೆಗಳಿವೆ. ಒಂದು ಕೀಲುನೋವಿಗೆ, ಇನ್ನೊಂದು ಖಿನ್ನತೆಗೆ. ಬೇಗ ಬೇಗ ಹೇಳಿದರೆ ಎರಡೂ ಒಂದೇ ಥರ ಕೇಳುತ್ತವೆ. ರೋಗಿಗೆ ಏನು ಕಾಯಿಲೆ ಅಂತ ಮೇಲಿನಿಂದ ಓದಿಕೊಂಡು ಬಂದು ಯಾವುದು ಅಂತ ತೀರ್ಮಾನಿಸಬೇಕು. ಆಗಲೂ ಅನುಮಾನ ಇದ್ದರೆ ಜಾಗ ಖಾಲಿ ಬಿಡಬೇಕು, ಊಹೆ ಮಾಡಬಾರದು. ಇದನ್ನು ನನಗೆ ಕಲಿಸಿದ್ದು ಅಮೆರಿಕದ ಓಹಾಯೋದಲ್ಲಿ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಹೆಂಗಸು. ಎರಡು ವರ್ಷ ನನ್ನ ಫೈಲುಗಳನ್ನು ತಿದ್ದಿ ಕಳಿಸಿದರು. ‘ಈ ಡಾಕ್ಟರು ವಾಕ್ಯದ ಕೊನೆ ನುಂಗುತ್ತಾರೆ, ಎರಡು ಸಲ ಕೇಳು’ ಅಂತೆಲ್ಲ ಬರೆಯುತ್ತಿದ್ದರು. 2003ರಲ್ಲಿ ಒಂದು ದಿನ, ‘ಇವತ್ತು ನನ್ನ ಕೊನೆಯ ದಿನ, ನನ್ನ ಡಾಕ್ಟರುಗಳನ್ನು ಚೆನ್ನಾಗಿ ನೋಡಿಕೋ’ ಅಂತ ಮೇಲ್ ಬಂತು. ನಾನು ಥ್ಯಾಂಕ್ಸ್ ಅಂತ ಒಂದು ಸಾಲು ಬರೆದು ಸುಮ್ಮನಾದೆ. ಅವರ ಕೆಲಸವೇ ನನ್ನ ಮೇಜಿಗೆ ಬಂದಿದೆ ಅಂತ ನನಗೆ ಆಗ ಹೊಳೆಯಲೇ ಇಲ್ಲ.

ಕೆಲಸ ಹೊರದೇಶಕ್ಕೆ ಹೋಗಿ ಬೀದಿಪಾಲಾದವರನ್ನು ಅಮೆರಿಕದಲ್ಲಿ ‘ಬ್ಯಾಂಗಲೋರ್ಡ್’ ಅನ್ನುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಒಂದು ಕೆಲಸ ಕೊಟ್ಟರೆ ಕಡಿಮೆ ತೆರಿಗೆ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕೊಟ್ಟರೆ ಜಾಸ್ತಿ ತೆರಿಗೆ, ಇದು ಬದಲಾಗಬೇಕು ಅಂತ 2009ರ ಮೇ ತಿಂಗಳಲ್ಲಿ ಒಬಾಮ ಹೇಳಿದಾಗ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಕೋಪ ಬಂದಿತ್ತು. ನನಗೂ ಬಂದಿತ್ತು. ಈಗ ಓಹಾಯೋದ ಆ ಹೆಂಗಸನ್ನು ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಕೆಲಸ ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ಧ್ವನಿ ಕೇಳಿ ತಾನೇ ಬರೆಯುವ ಸಾಫ್ಟ್‌ವೇರ್ ಬಂತು. ಅದು ಬರೆದದ್ದನ್ನು ನಾವು ತಿದ್ದಬೇಕು, ಸಾಲಿಗೆ ಕೊಡುವ ದುಡ್ಡು ಅರ್ಧ. ‘ಎದೆನೋವು ಇಲ್ಲ’ ಅಂತ ಡಾಕ್ಟರು ಹೇಳಿದರೆ ಆ ‘ಇಲ್ಲ’ವನ್ನೇ ಅದು ಬಿಟ್ಟುಬಿಡುತ್ತಿತ್ತು. ಅಂಥದ್ದು ಎಷ್ಟು ಹಿಡಿದಿದ್ದೇನೋ ಲೆಕ್ಕವಿಲ್ಲ. ಈಚೆಗೆ ಡಾಕ್ಟರ ಕೋಣೆಯಲ್ಲಿ ಫೋನು ಇಟ್ಟರೆ ಸಾಕು, ರೋಗಿಯ ಜೊತೆ ಆಡಿದ ಮಾತನ್ನೇ ಕೇಳಿಸಿಕೊಂಡು ಅದು ಟಿಪ್ಪಣಿ ಬರೆದುಕೊಡುತ್ತದೆ.

ಕೆಲಸ ಬಂದ ದಾರಿಯಲ್ಲೇ ಹೋಯಿತು, ಅದನ್ನು ನಾನು ಒಪ್ಪಿಕೊಂಡಿದ್ದೇನೆ. ಕಳಿಸಿದ ರೀತಿಯನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ.

ಆವತ್ತು ಶಿಫ್ಟ್ ಮುಗಿಯುವ ಹೊತ್ತಿಗೆ ಮೀಟಿಂಗ್ ರೂಮಿಗೆ ಕರೆದರು. ಮೇಜಿನ ಮೇಲೆ ಒಂದು ಹಾಳೆ, ಅದರ ಪಕ್ಕ ಪೆನ್ನು. ‘ನನ್ನ ವೈಯಕ್ತಿಕ ಕಾರಣಗಳಿಂದ’ ಅಂತ ಮೊದಲೇ ಇಂಗ್ಲಿಷಿನಲ್ಲಿ ಟೈಪ್ ಮಾಡಿತ್ತು. ನನ್ನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಜೀವನವಿಡೀ ಬೇರೆಯವರ ತಪ್ಪು ಹಿಡಿದವಳಿಗೆ ಅದು ಮೊದಲು ಕಣ್ಣಿಗೆ ಬಿತ್ತು. ಸಹಿ ಹಾಕಿದರೆ ಒಂದು ತಿಂಗಳ ಸಂಬಳ, ರಿಲೀವಿಂಗ್ ಲೆಟರ್, ಅನುಭವ ಪತ್ರ. ಹಾಕದಿದ್ದರೆ ಇವು ಯಾವುದೂ ಇಲ್ಲ ಅಂದರು. ಮನೆಗೆ ಹೋಗಿ ಯಜಮಾನರನ್ನು ಕೇಳಿ ಬರುತ್ತೇನೆ ಅಂದೆ. ಹಾಳೆ ಈ ಕೋಣೆಯಿಂದ ಹೊರಗೆ ಹೋಗುವಂತಿಲ್ಲ ಅಂದರು. ಇಪ್ಪತ್ತು ನಿಮಿಷ ಕೂತಿದ್ದೆ. ಮಗನ ಕಾಲೇಜು ಫೀಸು ತಲೆಯಲ್ಲಿತ್ತು. ಅನುಭವ ಪತ್ರ ಇಲ್ಲದೆ ಯಾರು ಕೆಲಸ ಕೊಡುತ್ತಾರೆ ಅಲ್ವಾ? ಸಹಿ ಹಾಕಿದೆ.

ಎರಡು ತಿಂಗಳಾದ ಮೇಲೆ ಕಾರ್ಮಿಕ ಇಲಾಖೆಯ ಕಚೇರಿಯೊಂದಕ್ಕೆ ಹೋದೆ. ಅಲ್ಲಿದ್ದ ಅಧಿಕಾರಿ ತಾಳ್ಮೆಯಿಂದ ಕೂರಿಸಿ ವಿವರಿಸಿದರು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ, ಹೆಚ್ಚುವರಿ ಎಂದು ಕೆಲಸದಿಂದ ತೆಗೆದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಅದರ ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಕೊನೆಯ ಕಂಪನಿಯಲ್ಲಿ ನನ್ನದು 16 ವರ್ಷ. ಅಂದರೆ 240 ದಿನದ ಸಂಬಳ. ಗ್ರಾಚ್ಯುಟಿ ಬೇರೆ ಲೆಕ್ಕ, ಅದು ಬಂದಿದೆ. ಈ ಪರಿಹಾರ ಮಾತ್ರ ಕಂಪನಿಯೇ ಕೆಲಸದಿಂದ ತೆಗೆದರೆ ಸಿಗುತ್ತದೆ, ತಾವಾಗಿ ಬಿಟ್ಟವರಿಗೆ ಇಲ್ಲ. ‘ನೀವೇ ಸಹಿ ಹಾಕಿದ್ದೀರಲ್ಲಮ್ಮ, ಒತ್ತಾಯ ಮಾಡಿದರು ಅಂತ ಸಾಬೀತು ಮಾಡೋದು ಕಷ್ಟ’ ಅಂದರು. ಆ ಒಂದು ಹಾಳೆಗೆ ಎಂಟು ತಿಂಗಳ ಅನ್ನದ ಬೆಲೆ ಇತ್ತು ಅಂತ ಆವತ್ತು ತಿಳಿಯಿತು.

ಇನ್ನೊಂದು ವಿಷಯ ಆಮೇಲೆ ಓದಿ ತಿಳಿದುಕೊಂಡೆ. ಐಟಿ ಮತ್ತು ಬಿಪಿಒ ಕಂಪನಿಗಳಿಗೆ ನಮ್ಮ ರಾಜ್ಯ ಸರ್ಕಾರ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಅಂದರೆ ನೌಕರಿಯ ನಿಯಮಗಳನ್ನು ಬರೆದಿಡಬೇಕು ಅನ್ನುವ ಕಾಯ್ದೆಯಿಂದ, ವಿನಾಯಿತಿ ಕೊಡುತ್ತಾ ಬಂದಿತ್ತು. 2024ರಲ್ಲಿ ಮತ್ತೆ 5 ವರ್ಷಕ್ಕೆ ಮುಂದುವರಿಸಿತು. ಆ ವಿನಾಯಿತಿಗೆ ಷರತ್ತುಗಳಿದ್ದವು. ಯಾರನ್ನಾದರೂ ಕೆಲಸದಿಂದ ತೆಗೆದರೆ ಇಲಾಖೆಗೆ ತಿಳಿಸಬೇಕು ಅನ್ನುವುದು ಅದರಲ್ಲಿ ಒಂದು. ಎಲ್ಲರಿಂದಲೂ ರಾಜೀನಾಮೆ ಬರೆಸಿಕೊಂಡರೆ ತಿಳಿಸಲು ಏನಿದೆ? ನಮ್ಮ ತಂಡದಲ್ಲಿ ಆ ವಾರ ಮನೆಗೆ ಹೋದವರು 11 ಜನ. ಇಲಾಖೆಯ ಲೆಕ್ಕದಲ್ಲಿ ಒಬ್ಬರೂ ಇಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕೆಲಸದಿಂದ ತೆಗೆಯಲ್ಪಟ್ಟವರ ಖಾತೆಗೆ ಮರುತರಬೇತಿ ನಿಧಿಯಿಂದ 15 ದಿನದ ಸಂಬಳ ಹಾಕಬೇಕು ಎಂದು ಅದರಲ್ಲಿದೆ. ಒಳ್ಳೆಯದೇ. ಆದರೆ ಅದೂ ರಾಜೀನಾಮೆ ಕೊಟ್ಟವರಿಗೆ ಸಿಗುವುದಿಲ್ಲ.

ಬೇರೆ ಆಸರೆಗಳೂ ನಮಗೆ ಎಟುಕುವುದಿಲ್ಲ. ನನ್ನ ಕೆಲಸ ಹೋದಾಗ, ಕಾರ್ಮಿಕರ ವಿಮೆಯಾದ ಇಎಸ್ಐನಲ್ಲಿ ಕೆಲಸ ಹೋದವರಿಗೆ 90 ದಿನ ಅರ್ಧ ಸಂಬಳ ಕೊಡುವ ಯೋಜನೆ ಇತ್ತು, ಆದರೆ ಇಎಸ್ಐ ಇದ್ದದ್ದು 21,000 ರೂಪಾಯಿವರೆಗೆ ಸಂಬಳ ಇರುವವರಿಗೆ. ನನ್ನದು 32,000 ಇತ್ತು. ಯುವನಿಧಿ ಆಗತಾನೇ ಓದು ಮುಗಿಸಿದ ಮಕ್ಕಳಿಗೆ. ನಲವತ್ತಾರರ ಹೆಂಗಸಿಗೆ ಯಾವ ಹೆಸರಿನ ನಿಧಿಯೂ ಇಲ್ಲ. ಇಂಟರ್‌ವ್ಯೂಗಳಲ್ಲಿ ವಯಸ್ಸು ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ಒಂದು ಕಡೆ ರಿಜಿಸ್ಟ್ರೇಷನ್ ಅಂತ 15,000 ಕೇಳಿದರು, ಎದ್ದು ಬಂದೆ. ಸದ್ಯಕ್ಕೆ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಅರ್ಧ ದಿನ ಬಿಲ್ ಹಾಕುತ್ತೇನೆ. ಡಾಕ್ಟರ ಕೈಬರಹ ಅರ್ಥವಾಗದಿದ್ದಾಗ ಅಂಗಡಿಯ ಹುಡುಗರು ‘ಅಕ್ಕ, ಇದೇನು ನೋಡಿ’ ಅಂತ ಚೀಟಿ ತರುತ್ತಾರೆ.

ಕಾರ್ಮಿಕ ಸಚಿವರಿಗೆ ನನ್ನ ಕೋರಿಕೆ ಇಷ್ಟೇ. ಒಂದೇ ತಿಂಗಳಲ್ಲಿ ಒಂದೇ ತಂಡದ ಹತ್ತಾರು ಜನ ‘ವೈಯಕ್ತಿಕ ಕಾರಣ’ಕ್ಕೆ ರಾಜೀನಾಮೆ ಕೊಟ್ಟರೆ ಇಲಾಖೆ ತಾನಾಗಿ ವಿಚಾರಿಸಲಿ. ರಾಜೀನಾಮೆಗೆ ಸಹಿ ಹಾಕಿದವರಿಗೆ ಅದನ್ನು ಹಿಂದಕ್ಕೆ ಪಡೆಯಲು ಏಳು ದಿನವಾದರೂ ಅವಕಾಶ ಇರಲಿ. ಅನುಭವ ಪತ್ರವನ್ನು ತಡೆಹಿಡಿದು ಬೆದರಿಸುವುದನ್ನು ತಪ್ಪು ಎಂದು ಸ್ಪಷ್ಟವಾಗಿ ಬರೆಯಲಿ.

ಇದನ್ನು ಓದುತ್ತಿರುವವರಲ್ಲಿ ಯಾರನ್ನಾದರೂ ನಾಳೆ ಅಂಥ ಕೋಣೆಗೆ ಕರೆದರೆ, ದಯವಿಟ್ಟು ಆವತ್ತೇ ಸಹಿ ಹಾಕಬೇಡಿ. ‘ತೆಗೆಯುವುದಾದರೆ ಹಾಗೆಂದು ಬರೆದುಕೊಡಿ’ ಅನ್ನಿ. ಮನೆಗೆ ಬಂದು ಆ ದಿನ ನಡೆದದ್ದನ್ನೆಲ್ಲ ಗಂಟೆ, ನಿಮಿಷ ಸಮೇತ ಅವರಿಗೇ ಮೇಲ್ ಮಾಡಿ. ಐಟಿ ನೌಕರರ ಸಂಘಟನೆ ನಮ್ಮ ರಾಜ್ಯದಲ್ಲಿ 2017ರಿಂದಲೂ ಇದೆ. ನನಗೆ ಗೊತ್ತಾದದ್ದು ತಡವಾಗಿ.

ಇನ್ನೂ ಕೆಲಸ ಹುಡುಕುತ್ತಿರುವುದರಿಂದ ನನ್ನ ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ.

– ಓರ್ವ ಓದುಗಿ, ಶ್ರೀನಗರ, ಬೆಂಗಳೂರು