ಆಧಾರ್ ಇಲ್ಲದ ಮಕ್ಕಳಿಗೂ ಶಾಲೆ ಸಿಗಲಿ

ಮಾನ್ಯ ಸಂಪಾದಕರೇ,

ಥಣಿಸಂದ್ರದ ಹತ್ತಿರ ನನ್ನದೊಂದು ಗುಜರಿ ಅಂಗಡಿ ಇದೆ. ಮ್ಯಾನ್ಮಾರ್‌ನ ರಖೈನ್‌ನಿಂದ ಜೀವ ಉಳಿಸಿಕೊಂಡು ಬಂದ ರೋಹಿಂಗ್ಯಾ ಕುಟುಂಬಗಳು ಈ ಕಡೆ ಶೆಡ್ ಹಾಕಿಕೊಂಡಿವೆ. ಅವರು ಆಯ್ದ ಮಾಲು ನನ್ನಲ್ಲಿಗೇ ಬರುತ್ತದೆ. ರಟ್ಟು ಒಂದು ಕಡೆ, ಹಾಲಿನ ಕವರ್ ಒಂದು ಕಡೆ. ನೀರಿನ ಬಾಟಲಿಯ ಪ್ಲಾಸ್ಟಿಕ್ಕೇ ಬೇರೆ, ಮುಚ್ಚಳದ್ದೇ ಬೇರೆ, ಅದಕ್ಕೆ ಮುಚ್ಚಳ ಬಿಚ್ಚಿ ಇನ್ನೊಂದು ಚೀಲಕ್ಕೆ ಹಾಕಬೇಕು. ಆ ಕೆಲಸ ಮಕ್ಕಳದ್ದು, ಅದೂ ಶಾಲೆಯ ಹೊತ್ತಿನಲ್ಲಿ.

ಈಚೆಗೆ ಬಂದ ಕುಟುಂಬವೊಂದರಲ್ಲಿ ಎಂಟು ವರ್ಷದ ಹುಡುಗಿ ಇದ್ದಾಳೆ. ತಕ್ಕಡಿ ಮೆಷಿನ್ನಿನ ಅಂಕಿ ನೋಡಿ 'ಹನ್ನೆರಡೂವರೆ ಕೇಜಿ' ಎಂದು ನನಗಿಂತ ಮೊದಲೇ ಕನ್ನಡದಲ್ಲಿ ಕೂಗುತ್ತಾಳೆ. ಅವಳನ್ನು ಶಾಲೆಗೆ ಸೇರಿಸಲು ಅವಳಪ್ಪನ ಜೊತೆ ನಾನೂ ಹೋದೆ. ಹೆಡ್ ಮೇಡಂ ಚೆನ್ನಾಗೇ ಮಾತಾಡಿಸಿದರು. ಆದರೆ ಆಧಾರ್ ಇಲ್ಲದೆ ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಹೆಸರು ಹೇಗೆ ಏರಿಸಲಿ, ಮೇಲಿನವರು ಕೇಳಿದರೆ ಏನು ಹೇಳಲಿ ಎಂದರು. ಅವರ ಭಯ ನನಗೂ ಅರ್ಥವಾಗುತ್ತದೆ. ಅಪ್ಪನ ಹತ್ತಿರ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡ್ ಮಾತ್ರ. ಅದಕ್ಕಾಗಿ ದೆಹಲಿವರೆಗೆ ಓಡಾಡಿದ್ದಾರೆ. ಅದನ್ನು ತೋರಿಸಿದರೆ ಇಲ್ಲಿ ಸಿಮ್ ಕೂಡ ಸಿಕ್ಕಿಲ್ಲ.

ನಿರಾಶ್ರಿತರ ಬಗೆಗಿನ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿಜ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸಬಾರದು ಎಂದೂ ಅದರಲ್ಲಿದೆ. ದೆಹಲಿಯ ರೋಹಿಂಗ್ಯಾ ಮಕ್ಕಳ ವಿಷಯದಲ್ಲಿ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಮೊದಲು ಸರ್ಕಾರಿ ಶಾಲೆಗೆ ಹೋಗಿ ಕೇಳಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದಿತು. ಚಿಂದಿ ಆಯುವವರು ಹೈಕೋರ್ಟ್ ಮೆಟ್ಟಿಲು ಹತ್ತುವುದು ಆಗುವ ಮಾತಾ?

ಇವರನ್ನು ಇಲ್ಲಿ ಇರಿಸಿಕೊಳ್ಳಬಾರದು ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಆ ತೀರ್ಮಾನ ಸರ್ಕಾರ, ಕೋರ್ಟಿಗೆ ಬಿಟ್ಟಿದ್ದು. ಇಲ್ಲಿರುವಷ್ಟು ದಿನ ಮಗು ಓದಿದರೆ ಯಾರಿಗೂ ನಷ್ಟವಿಲ್ಲ, ಅಲ್ವಾ?

ಶಿಕ್ಷಣ ಇಲಾಖೆ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಲಿ. ಆಧಾರ್ ಇಲ್ಲದ ಮಗುವಿನ ಹೆಸರನ್ನು ಸ್ಯಾಟ್ಸ್‌ನಲ್ಲಿ ಹೇಗೆ ಸೇರಿಸಬೇಕು, ಯಾರು ಸಹಿ ಹಾಕಬೇಕು ಎಂದು ಅದರಲ್ಲಿ ಬಿಡಿಸಿ ಬರೆಯಲಿ. ಶಾಲೆ ಶುರುವಾಗುವ ಮೊದಲೇ ಅದು ಪ್ರತಿ ಮುಖ್ಯ ಶಿಕ್ಷಕರ ಕೈಗೆ ತಲುಪಲಿ.

— ಗುಜರಿ ವ್ಯಾಪಾರಿ, ಥಣಿಸಂದ್ರ, ಬೆಂಗಳೂರು